ಡಿಕ್ಕಿಯ ತಳದಲ್ಲಿ ಗಾಲಿಯೋ, ಬಾಟಲಿಯೋ

ಬಳಗದಲ್ಲಿ ಯಾರಾದರೂ ಹೊಸ ಕಾರು ತಂದು ಪೂಜೆಗೆ ಕರೆದರೆ, ಎಲ್ಲರೂ ಮುಂದಿನ ದೊಡ್ಡ ಪರದೆ, ಮೇಲಿನ ಗಾಜಿನ ಕಿಂಡಿ ನೋಡುತ್ತಾರೆ. ನಾನು ಹಿಂದೆ ಹೋಗಿ ಡಿಕ್ಕಿಯ ಹಾಸು ಎತ್ತುತ್ತೇನೆ. ಮನೆಯವಳಿಗೆ ಇದು ನಾಚಿಕೆಯ ವಿಷಯ. "ಮಂದಿ ಅಡಗಿಮನಿಗೆ ಹೋಗಿ ಡಬ್ಬಿ ಮುಚ್ಚಳಾ ತಗದು ನೋಡಿದಂಗ ಮಾಡ್ತೀರಲ್ರಿ" ಅನ್ನುತ್ತಾಳೆ. ಏನು ಮಾಡುವುದು, ಬೀಜದ ಕಂಪನಿಯ ಕೆಲಸಕ್ಕೆಂದು ನವಲಗುಂದ, ನರಗುಂದ, ರೋಣ, ಶಿರಹಟ್ಟಿ ಅಂತ ಬಿಸಿಲು-ಮಳೆ ಎನ್ನದೆ ತಿರುಗಿದವನಿಗೆ ಕಾರಿನ ಯೋಗ್ಯತೆ ಮೊದಲು ಕಾಣುವುದೇ ಆ ಹಾಸಿನ ಕೆಳಗೆ.

ಈಚೆಗೆ ಅಕ್ಕನ ಮಗನ ಜೊತೆ ಗೋಕುಲ ರಸ್ತೆಯ ಶೋರೂಮೊಂದಕ್ಕೆ ಹೋದಾಗಲೂ ಹಾಗೇ ಮಾಡಿದೆ. ಹಾಸಿನ ಕೆಳಗೆ ಹೆಚ್ಚುವರಿ ಗಾಲಿ, ಅಂದರೆ ಸ್ಟೆಪ್ನಿ, ಇರಲಿಲ್ಲ. ಕಪ್ಪು ಥರ್ಮಾಕೋಲಿನ ತಟ್ಟೆ, ಅದರ ಒಂದು ಗೂಡಿನಲ್ಲಿ ಸಣ್ಣ ಹವಾ ಪಂಪು, ಇನ್ನೊಂದರಲ್ಲಿ ಬಿಳಿ ದ್ರವದ ಬಾಟಲಿ, ಮೂರನೆಯದರಲ್ಲಿ ಗಾಡಿ ಎಳೆಯಲು ಸಿಕ್ಕಿಸುವ ಕೊಕ್ಕೆ. ಅಷ್ಟೇ. ಜ್ಯಾಕ್ ಇಲ್ಲ, ಪಾನಾ ಇಲ್ಲ. ಮಾರಾಟದ ಹುಡುಗ ನಗುತ್ತ, "ಈಗ ಸ್ಟೆಪ್ನಿ ಕಾನ್ಸೆಪ್ಟೇ ಹೋಗೇತ್ರಿ ಸರ್" ಅಂದ. ಅಳಿಯ ಅವನಿಗಿಂತ ಒಂದು ಹೆಜ್ಜೆ ಮುಂದೆ: "ಮಾಮಾ, ಟ್ಯೂಬ್‌ಲೆಸ್ ಬಂದಮ್ಯಾಲೆ ಪಂಚರ್ ಅಂದ್ರ ಒಂದ್ ಸುದ್ದೀನs ಅಲ್ಲ."

ಹುಡುಗ ಹೇಳಿದ್ದು ಸುಳ್ಳೇನಲ್ಲ. 2020ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ಇದಕ್ಕೆ ದಾರಿ ಮಾಡಿಕೊಟ್ಟಿತು. ಚಾಲಕನೂ ಸೇರಿ ಒಂಬತ್ತು ಜನ ಕೂರುವ, ಒಟ್ಟು ತೂಕ 3.5 ಟನ್ ದಾಟದ ಪ್ರಯಾಣಿಕರ ಗಾಡಿಗಳಲ್ಲಿ ಟ್ಯೂಬ್‌ಲೆಸ್ ಟೈರು, ಹವಾ ಕಡಿಮೆಯಾದರೆ ಚಾಲಕನಿಗೆ ತಿಳಿಸುವ ಟಿಪಿಎಂಎಸ್ ಮತ್ತು ಪಂಚರ್ ತಿದ್ದುವ ಕಿಟ್ ಇದ್ದರೆ ಸ್ಟೆಪ್ನಿ ಇಡಲೇಬೇಕೆಂದಿಲ್ಲ. ಗಾಡಿಯಲ್ಲಿ ಜಾಗ ಉಳಿಯುತ್ತದೆ, ವಿದ್ಯುತ್ ಕಾರಿಗಾದರೆ ಬ್ಯಾಟರಿ ಇಡಲು ಅನುಕೂಲ ಎಂಬುದು ಸಚಿವಾಲಯ ಕೊಟ್ಟ ಕಾರಣ. ಅಂದರೆ ಅಳಿಯನ ಕೈಯಲ್ಲಿ ಕಾನೂನೂ ಇದೆ, ಲೆಕ್ಕವೂ ಇದೆ. ಉಕ್ಕಿನ ರಿಮ್ಮು, ಟೈರು, ಜ್ಯಾಕು, ಪಾನಾ ಎಲ್ಲ ಕೂಡಿಸಿದರೆ ಸಣ್ಣ ಕಾರಿಗೂ ಹದಿನೈದಿಪ್ಪತ್ತು ಕಿಲೋ ಆಗುತ್ತದೆ. ಉಣಕಲ್ಲಿನಿಂದ ಧಾರವಾಡದ ಕೋರ್ಟ್ ಸರ್ಕಲ್ಲಿನ ತನಕ ದಿನಾ ಓಡಾಡುವವನು ಆ ಭಾರವನ್ನು ವರ್ಷಗಟ್ಟಲೆ ಸುಮ್ಮನೆ ಹೊರುತ್ತಾನೆ.

ಇನ್ನೊಂದು ಮಾತೂ ಇದೆ. ಕಾರು ಹುಟ್ಟಿದ ಹೊಸದರಲ್ಲಿ ಅದಕ್ಕೆ ಸ್ಟೆಪ್ನಿ ಇರಲೇ ಇಲ್ಲ. ಕುದುರೆ ಲಾಳದ ಮೊಳೆ ಚೆಲ್ಲಿದ ರಸ್ತೆಗಳಲ್ಲಿ ಪಂಚರ್ ಆದಾಗಲೆಲ್ಲ ಇಳಿದು, ಟೈರು ಕಿತ್ತು, ಟ್ಯೂಬಿಗೆ ತೇಪೆ ಹಾಕಿ ಮತ್ತೆ ಹೊರಡಬೇಕಿತ್ತು. 1904ರಲ್ಲಿ ವೇಲ್ಸ್ ದೇಶದ ಲಾನೆಲ್ಲಿ ಎಂಬ ಊರಿನ ಡೇವಿಸ್ ಸಹೋದರರು ಹವಾ ತುಂಬಿದ ಟೈರಿನ ಸಮೇತ ಒಂದು ಬಳೆಯನ್ನು ಪಂಚರ್ ಆದ ಗಾಲಿಯ ಬದಿಗೆ ಬಿಗಿದು ಓಡಿಸುವ ಉಪಾಯ ಮಾರುಕಟ್ಟೆಗೆ ತಂದರು. ಅಲ್ಲಿಂದ ಇಲ್ಲಿಗೆ ನೂರು ವರ್ಷದ ಮೇಲೆ ಆಯಿತು. ಈಗ "ಮಾಡರ್ನ್" ಅಂತ ಹೇಳಿ ನಮ್ಮನ್ನು 1904ರ ಹಿಂದಕ್ಕೆ ಕಳಿಸುತ್ತಿದ್ದಾರೆ ಎಂದು ಶೋರೂಮಿನಲ್ಲೇ ಅಂದೆ. ಹುಡುಗ ಚಹಾ ತರಿಸಿದ.

ತಮಾಷೆ ಬಿಟ್ಟು ಆ ಬಾಟಲಿಯ ಕೆಲಸ ನೋಡೋಣ. ಒಳಗಿರುವುದು ಹೆಚ್ಚಾಗಿ ರಬ್ಬರ್ ಹಾಲಿನಂಥ ಅಂಟು. ಬಾಟಲಿಯನ್ನು ಪಂಪಿಗೆ, ಪಂಪಿನ ಕೊಳವೆಯನ್ನು ಟೈರಿಗೆ ಹವಾ ತುಂಬುವ ವಾಲ್‌ಗೆ ಸಿಕ್ಕಿಸಿ, ಪಂಪಿನ ವೈರನ್ನು ಕಾರಿನ 12 ವೋಲ್ಟ್ ಸಾಕೆಟ್ಟಿಗೆ ಹಾಕಿ, ಎಂಜಿನ್ ಚಾಲೂ ಇಟ್ಟು ಗುಂಡಿ ಒತ್ತಬೇಕು. ಮೊದಲು ಮೀಟರಿನ ಮುಳ್ಳು ಸರ್ರನೆ ಮೇಲೇರುತ್ತದೆ. ಹೊಸಬರು ಟೈರು ತುಂಬಿತು ಅಂದುಕೊಳ್ಳುತ್ತಾರೆ. ತುಂಬಿರುವುದಿಲ್ಲ, ಗಟ್ಟಿ ದ್ರವ ವಾಲ್ ದಾಟುವಾಗಿನ ಒತ್ತಡ ಅದು. ದ್ರವವೆಲ್ಲ ಒಳಹೋದ ಮೇಲೆ ಮುಳ್ಳು ಇಳಿದು, ಆಮೇಲೆ ನಿಧಾನವಾಗಿ ನಿಜವಾದ ಹವಾ ಏರುತ್ತದೆ. ಕೂಡಲೇ ಗಾಡಿ ಓಡಿಸಬೇಕು; ಗಾಲಿ ತಿರುಗಿದರೇ ಅಂಟು ಒಳಗೆಲ್ಲ ಹರಡಿ ತೂತು ಮುಚ್ಚುವುದು. ಕೆಲವು ಕಿಲೋಮೀಟರ್ ಹೋಗಿ ನಿಲ್ಲಿಸಿ ಮತ್ತೆ ಒತ್ತಡ ನೋಡಬೇಕು. ತೀರಾ ಇಳಿದಿದ್ದರೆ ಮುಂದೆ ಹೋಗುವಂತಿಲ್ಲ. ನಿಂತಿದ್ದರೆ 80 ಕಿಲೋಮೀಟರ್ ವೇಗ ಮೀರದಂತೆ ಟೈರಿನ ಅಂಗಡಿ ಮುಟ್ಟಿಕೊಳ್ಳಬೇಕು. ಕೆಲಸಕ್ಕೆ ಬಾರದ ಸಾಮಾನು ಅಂತ ನಾನು ಖಂಡಿತ ಹೇಳುವುದಿಲ್ಲ. ರಾತ್ರಿ ಒಬ್ಬಳೇ ಬರುವ ಹೆಣ್ಣುಮಗಳಿಗೆ, ನಡು ಹಿಡಿದುಕೊಂಡ ನಮ್ಮಂಥವರಿಗೆ ಗಾಲಿ ಬಿಚ್ಚುವುದಕ್ಕಿಂತ ಗುಂಡಿ ಒತ್ತುವುದು ಸಲೀಸು.

ಆದರೆ ಆ ಕಿಟ್ಟಿನ ಜೊತೆ ಬರುವ ಪುಸ್ತಕದಲ್ಲೇ ಬರೆದಿರುತ್ತದೆ, ಓದುವವರು ಕಡಿಮೆ: ಟೈರು ನೆಲಕ್ಕೆ ತಾಗುವ ಭಾಗದಲ್ಲಿ ಆದ, ಸುಮಾರು 6 ಮಿಲಿಮೀಟರಿನ ಒಳಗಿನ ತೂತಿಗೆ ಮಾತ್ರ. ಪಕ್ಕದ ಗೋಡೆ ಹರಿದರೆ ಇದು ನಡೆಯುವುದಿಲ್ಲ.

ನನ್ನ ತಕರಾರೆಲ್ಲ ಇಲ್ಲೇ ಇದೆ. ನೆಲಕ್ಕೆ ತಾಗುವ ಭಾಗಕ್ಕೆ ಮೊಳೆ ಹೊಕ್ಕರೆ ಟ್ಯೂಬ್‌ಲೆಸ್ ಟೈರು ಒಮ್ಮೆಲೇ ಕುಸಿಯುವುದಿಲ್ಲ. ಟ್ಯೂಬಿನ ಕಾಲದಲ್ಲಿ ಹಾಗಿರಲಿಲ್ಲ. ಟ್ಯೂಬು ತೂತಾದರೆ ಹವಾ ರಿಮ್ಮಿನ ಕಡೆಯಿಂದ ಭುಸ್ ಅಂತ ಹೋಗಿ ಗಾಡಿ ಅಲ್ಲೇ ಕೂತುಬಿಡುತ್ತಿತ್ತು. ಈಗ ಒಳಗಿನ ರಬ್ಬರ್ ಪದರ ಮೊಳೆಯನ್ನು ಗಟ್ಟಿಯಾಗಿ ಅಪ್ಪಿಕೊಂಡಿರುತ್ತದೆ, ಹವಾ ಸಣ್ಣಗೆ ಸೋರುತ್ತದೆ. ಅಷ್ಟರಲ್ಲಿ ನಮ್ಮ ಕಡೆ ಯಾವ ಕ್ರಾಸಿಗೆ ಹೋದರೂ ಹಳೆ ಟೈರು ನೇತುಹಾಕಿ ಬಣ್ಣದಲ್ಲಿ "ಪಂಚರ್" ಅಂತ ಬರೆದ ತಗಡಿನ ಶೆಡ್ಡು ಸಿಗುತ್ತದೆ. ಅವನು ಗಾಲಿ ಸಹ ಬಿಚ್ಚುವುದಿಲ್ಲ. ಇಕ್ಕಳದಲ್ಲಿ ಮೊಳೆ ಕೀಳುತ್ತಾನೆ, ತೂತಿನಲ್ಲಿ ದಬ್ಬಣದಂಥ ಸಾಮಾನು ಆಡಿಸಿ, ಅಂಟು ಸವರಿದ ಕಂದು ಬಣ್ಣದ ಪಟ್ಟಿ ತುರುಕಿ, ಹೊರಗುಳಿದ ತುದಿ ಬ್ಲೇಡಿನಿಂದ ಕತ್ತರಿಸಿ, ಹವಾ ಹೊಡೆದು, ಎಂಜಲು ಹಚ್ಚಿ ಗುಳ್ಳೆ ಬರುತ್ತದೋ ಅಂತ ನೋಡಿ ಕಳಿಸುತ್ತಾನೆ. ಚಹಾ ಕುಡಿದು ಮುಗಿಯುವುದರೊಳಗೆ ಕೆಲಸ ಆಗಿರುತ್ತದೆ. ಬಾಟಲಿ ಮಾಡುವ ಕೆಲಸವನ್ನು ಈ ಶೆಡ್ಡುಗಳು ಅದಕ್ಕಿಂತ ಚೆನ್ನಾಗಿ, ಅದಕ್ಕಿಂತ ಸೋವಿಯಲ್ಲಿ ಮಾಡುತ್ತ ಬಂದಿವೆ. ಅವರು ಬಾಟಲಿಯ ದ್ರವ ಬಿದ್ದ ಟೈರು ಕಂಡರೆ ಬೈಯುತ್ತಾರೆ, ಯಾಕೆಂದರೆ ಒಳಗೆಲ್ಲ ಅಂಟು ಮೆತ್ತಿರುತ್ತದೆ, ತೊಳೆಯದೆ ತೇಪೆ ನಿಲ್ಲುವುದಿಲ್ಲ.

ಇನ್ನು ಪಕ್ಕದ ಗೋಡೆ. ಅದನ್ನು ಕೊಲ್ಲುವುದು ನಮ್ಮ ತಗ್ಗುಗಳು. ವೇಗದಲ್ಲಿ ತಗ್ಗಿಗೆ ಬಿದ್ದಾಗ ಟೈರಿನ ಗೋಡೆ ರಿಮ್ಮಿಗೂ ಡಾಂಬರಿನ ಅಂಚಿಗೂ ನಡುವೆ ಸಿಕ್ಕಿ ಜಜ್ಜುತ್ತದೆ, ಒಳಗಿನ ದಾರ ಹರಿಯುತ್ತದೆ. ಆಮೇಲೆ ಅಲ್ಲಿ ಬಾವು ಬಂದಂತೆ ಉಬ್ಬುತ್ತದೆ, ಇಲ್ಲವೇ ಅಲ್ಲೇ ಬಾಯಿ ಬಿಡುತ್ತದೆ. ಇದಕ್ಕೆ ಬಾಟಲಿ ಇಲ್ಲ, ಪಟ್ಟಿ ಇಲ್ಲ, ಕ್ರಾಸಿನ ಶೆಡ್ಡಿನವನಲ್ಲಿ ಔಷಧ ಇಲ್ಲ. ಹೊಸ ಟೈರೇ ಬೇಕು, ಅದು ಆ ಊರಲ್ಲಿ ಸಿಗುವುದಿಲ್ಲ. ಈ ಜಾಗದಲ್ಲಿ ಉಪಯೋಗಕ್ಕೆ ಬರುವ ವಸ್ತು ಒಂದೇ, ಅದೇ ಅಳತೆಯ ಇನ್ನೊಂದು ಗಾಲಿ. ಕಂಪನಿಗಳು ತೆಗೆದುಹಾಕಿದ್ದು ಅದನ್ನೇ. ಬೇರೆ ಯಾರೂ ಮಾಡಲಾಗದ ಕೆಲಸ ಮಾಡುತ್ತಿದ್ದ ಆಳನ್ನು ಬಿಡಿಸಿ, ಊರವರೆಲ್ಲ ಮಾಡುವ ಕೆಲಸಕ್ಕೆ ಹೊಸ ಆಳು ಇಟ್ಟರು.

ಟೈರುಗಳೂ ಈಚೆಗೆ ಮೈ ಇಳಿಸಿಕೊಂಡಿವೆ. ಸಣ್ಣ ಕಾರಿನ ಕೆಳದರ್ಜೆಯ ಮಾಡೆಲ್ಲಿಗೆ ಬರುವ 165/80 ಆರ್ 14 ಟೈರು ತೆಗೆದುಕೊಳ್ಳಿ. ಅಗಲ 165 ಮಿಲಿಮೀಟರ್, ಗೋಡೆಯ ಎತ್ತರ ಅದರ ನೂರಕ್ಕೆ 80, ಅಂದರೆ 132 ಮಿಲಿಮೀಟರ್. ಅದೇ ಗಾತ್ರದ ಕಾರಿನ ಮೇಲ್ದರ್ಜೆಗೆ ಬರುವ, ಅಲಾಯ್ ವ್ಹೀಲಿನ 195/55 ಆರ್ 16 ಟೈರಿನ ಗೋಡೆ 107 ಮಿಲಿಮೀಟರ್. ಒಂದು ಇಂಚು ರಬ್ಬರು ಹೋಯಿತು. ನೋಡಲು ಚಂದ, ತಿರುವಿನಲ್ಲಿ ಹಿಡಿತವೂ ಚೆನ್ನ. ಆದರೆ ತಗ್ಗಿಗೆ ಬಿದ್ದಾಗ ಪೆಟ್ಟು ತಿನ್ನುವುದು ಆ ಒಂದು ಇಂಚೇ. ಹೆಚ್ಚು ದುಡ್ಡು ಕೊಟ್ಟು ಮೇಲಿನ ಮಾಡೆಲ್ ಕೊಂಡವನ ಗೋಡೆಯೇ ಬೇಗ ಹರಿಯುವುದು.

ಅಣ್ಣಿಗೇರಿಯಿಂದ ನವಲಗುಂದದ ಕಡೆ ಹೋಗುವಾಗ ನನಗಾದದ್ದು ಇಂಥದ್ದೇ. ಮುಂಗಾರಿನ ಹೆಸರು ಕಾಯಿ ಕಟ್ಟುವ ಹೊತ್ತು, ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ಎದುರಿಗೆ ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಬಂತೆಂದು ಎಡಕ್ಕೆ ಸರಿದೆ. ಡಾಂಬರಿನ ಅಂಚು ಗೇಣುದ್ದ ಕುಸಿದಿತ್ತು, ಕಾರಿನ ಎಡಗಾಲಿ ಕೆಳಗಿಳಿದು ಮೇಲೆ ಹತ್ತುವಾಗ ಅಂಚಿನ ಕಲ್ಲು ಗೋಡೆಯನ್ನು ಸೀಳಿತು. ನಾಲ್ಕು ಬೆರಳು ಹೋಗುವಷ್ಟು ಸೀಳು. ಸ್ಟೆಪ್ನಿ, ಜ್ಯಾಕ್ ಎಲ್ಲ ಇದ್ದವು. ಜ್ಯಾಕ್ ಇಟ್ಟು ತಿರುಗಿಸತೊಡಗಿದೆ. ಕಾರು ಏಳುವ ಬದಲು ಜ್ಯಾಕೇ ಇಳಿಯಿತು. ಎರಿ ಭೂಮಿ, ಬಿಸಿಲಿಗೆ ಕಲ್ಲಿನಂತೆ ಬಿರಿಯುವ ಮಣ್ಣು, ಮಳೆ ಕುಡಿದರೆ ಬೆಣ್ಣೆ.

ಟ್ರ್ಯಾಕ್ಟರಿನವ ನಿಲ್ಲಿಸಿ ಬಂದ. "ಎರಿ ಐತ್ರೀ ಇದು, ನಿಮ್ಮ ಜ್ಯಾಕ್ ನುಂಗತೈತಿ. ಹಲಗಿ ಇಡ್ರಿ" ಅಂದು ತನ್ನ ಟ್ರೇಲರಿನಿಂದ ಅಗಲವಾದ ಹಲಗೆ ತಂದು ಕೆಳಗಿಟ್ಟ. ಗಾಲಿಯ ನಟ್ಟುಗಳು ಅಲುಗಲಿಲ್ಲ. ಸರ್ವಿಸ್ಸಿನಲ್ಲಿ ಹವಾ ಗನ್ನಿನಿಂದ ಬಿಗಿದದ್ದು, ಕಾರಿನ ಜೊತೆ ಬಂದ ಗೇಣುದ್ದದ ಪಾನಾಕ್ಕೆ ಬಗ್ಗುತ್ತದೆಯೇ? ಅವನು ನನ್ನನ್ನು ಸರಿಸಿ, ಪಾನಾವನ್ನು ಅಡ್ಡಕ್ಕೆ ಸಿಕ್ಕಿಸಿ, ಅದರ ತುದಿಯ ಮೇಲೆ ಹತ್ತಿ ನಿಂತ. ಕಿರ್ ಅಂತ ಬಿಟ್ಟಿತು. "ಮೊದಲ ನಟ್ ಸಡ್ಲ ಮಾಡಿ ಆಮ್ಯಾಲೆ ಎತ್ತಬೇಕ್ರಿ, ಎತ್ತಿದಮ್ಯಾಲೆ ಗಾಲಿ ತಿರಗತೈತಿ" ಅಂದ. ಗಾಲಿ ಹಾಕಿ ಎದ್ದಾಗ ಇಬ್ಬರ ಮೊಣಕಾಲಿನ ತನಕ ಕಪ್ಪು ಮಣ್ಣು. ದುಡ್ಡು ಮುಟ್ಟಲಿಲ್ಲ. ಕಾರಿನ ಗಾಜಿನ ಮೇಲಿನ ಕಂಪನಿಯ ಸ್ಟಿಕರ್ ನೋಡಿ, "ಈ ಸಲ ಹಿಂಗಾರಿಗೆ ಕಡ್ಲಿ ಬೀಜ ಯಾವಾಗ ಬರತಾವ್ರಿ?" ಎಂದು ಕೇಳಿ ಹೋದ. ಟೈರು ಕೊನೆಗೆ ಸಿಕ್ಕಿದ್ದು ಹುಬ್ಬಳ್ಳಿಯಲ್ಲಿ. ಬಾಟಲಿ ಇದ್ದಿದ್ದರೆ ಕಾರೂ ನಾನೂ ಆ ರಾತ್ರಿ ಹೆಸರು ಹೊಲದ ಬದುವಿನಲ್ಲೇ.

ಎದುರಾಳಿಗಳ ಮಾತಿನಲ್ಲಿ ಒಂದನ್ನು ಮಾತ್ರ ತಳ್ಳಿಹಾಕಲು ಆಗುವುದಿಲ್ಲ. ಗಬ್ಬೂರ ಬೈಪಾಸಿನ ಹತ್ತಿರ ಟೈರಿನ ಕೆಲಸ ಮಾಡುವ ಹಿರಿಯರೊಬ್ಬರಿದ್ದಾರೆ, ಎಲ್ಲರೂ ಚಾಚಾ ಅನ್ನುತ್ತೇವೆ. ಅವರದೇ ಮಾತು: "ಸ್ಟೆಪ್ನಿ ಐತಿ ಸ್ಟೆಪ್ನಿ ಐತಿ ಅಂತಾರ್ರಿ ಸಾಹೇಬ್ರ. ತಗದು ಬಟ್ಟ ಒತ್ತಿದ್ರ ಒಳಗ ಹೋಗತೈತಿ. ಹವಾನs ಇಲ್ಲ." ನಿಜ. ನಾಲ್ಕು ಗಾಲಿಗೆ ಹವಾ ಹಾಕಿಸಿ ಹೊರಡುತ್ತೇವೆ, ಐದನೆಯದಕ್ಕೆ ಯಾರು ಸಾಮಾನು ಇಳಿಸಿ ಹಾಸು ಎತ್ತಬೇಕು? ಓಡದೆ ಕೂತ ಟೈರಿಗೂ ವಯಸ್ಸಾಗುತ್ತದೆ. ಗೋಡೆಯ ಮೇಲೆ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ. 2319 ಅಂತ ಇದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಹತ್ತು ವರ್ಷ ದಾಟಿದ್ದರೆ ಹಲ್ಲು ಸವೆಯದಿದ್ದರೂ ಅದನ್ನು ನಂಬಬೇಡಿ. ಬಾಟಲಿಗೂ ತಾರೀಕು ಇದೆ, ಸಾಮಾನ್ಯವಾಗಿ ನಾಲ್ಕೈದು ವರ್ಷ, ಅದನ್ನು ಇನ್ನೂ ಕಡಿಮೆ ಜನ ನೋಡುತ್ತಾರೆ. ಸತ್ತ ಗಾಲಿ ಹೊತ್ತು ತಿರುಗುವವನಿಗೆ ಗಾಲಿ ಕೊಟ್ಟೇನು ಪ್ರಯೋಜನ ಎಂದು ಕಂಪನಿಯವರು ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ.

ಟಿಪಿಎಂಎಸ್ಸನ್ನು ನಾನು ಮನಸಾರೆ ಮೆಚ್ಚುತ್ತೇನೆ. ಕೆಲವು ಕಾರಿನಲ್ಲಿ ವಾಲ್‌ನ ಬುಡದಲ್ಲೇ ಸಣ್ಣ ಬ್ಯಾಟರಿಯ ಸೆನ್ಸರ್ ಕೂತು ಒತ್ತಡ ಅಳೆಯುತ್ತದೆ. ಇನ್ನು ಕೆಲವು ಕಾರಿನಲ್ಲಿ ಎಬಿಎಸ್ ಬ್ರೇಕಿನ ಸೆನ್ಸರ್‌ಗಳೇ ಯಾವ ಗಾಲಿ ಉಳಿದವುಗಳಿಗಿಂತ ಹೆಚ್ಚು ಸುತ್ತು ಹಾಕುತ್ತಿದೆ ಎಂದು ನೋಡಿ ಅಂದಾಜು ಮಾಡುತ್ತವೆ. ಹವಾ ಇಳಿದ ಗಾಲಿ ಗಾತ್ರದಲ್ಲಿ ಸಣ್ಣದಾಗಿ ಹೆಚ್ಚು ತಿರುಗುತ್ತದೆ. ಎಷ್ಟೋ ಒಳ್ಳೆಯ ಟೈರುಗಳು ಮೊಳೆಯಿಂದ ಕೆಟ್ಟಿರುವುದಿಲ್ಲ, ಹವಾ ಇಲ್ಲದೆ ಹತ್ತು ಕಿಲೋಮೀಟರ್ ಓಡಿಸಿದ್ದರಿಂದ ಒಳಗೋಡೆ ಪುಡಿಪುಡಿಯಾಗಿ ಕೆಟ್ಟಿರುತ್ತವೆ. ಅದನ್ನು ಈ ದೀಪ ತಪ್ಪಿಸುತ್ತದೆ. ಆದರೆ ದೀಪ ಸುದ್ದಿ ಹೇಳುತ್ತದೆ, ಸೀಳಿದ ಟೈರು ಹೊಲಿಯುವುದಿಲ್ಲ. ಹವಾ ಇಲ್ಲದೆಯೂ ಸುಮಾರು 80 ಕಿಲೋಮೀಟರ್ ದೂರ, 80ರ ವೇಗದಲ್ಲಿ ಓಡುವ ಗಟ್ಟಿ ಗೋಡೆಯ ರನ್‌ಫ್ಲಾಟ್ ಟೈರುಗಳಿವೆ, ಬಿಎಂಡಬ್ಲ್ಯೂದಂಥ ಕಾರುಗಳಿಗೆ. ಅವುಗಳ ಬೆಲೆ ಕೇಳಿದರೆ ನಮ್ಮಂಥವರ ಹವಾ ಹೋಗುತ್ತದೆ.

ಸ್ಟೆಪ್ನಿ ಇದ್ದರೂ ಬಿಚ್ಚಬಾರದ ಜಾಗಗಳಿವೆ ಅನ್ನುವುದನ್ನೂ ಹೇಳಬೇಕು. ಹುಬ್ಬಳ್ಳಿ-ಧಾರವಾಡ ಬೈಪಾಸು ವರ್ಷಗಟ್ಟಲೆ ನಡುವೆ ಡಿವೈಡರ್ ಇಲ್ಲದ ಎರಡೇ ಲೇನಿನಲ್ಲಿ ನಡೆಯಿತು. ಮುಂದೆ ಹಿಂದೆ ನಾಲ್ಕು, ಆರು ಲೇನಿನ ಹೆದ್ದಾರಿಯಿಂದ ಬಂದ ಲಾರಿಗಳೆಲ್ಲ ಅಲ್ಲಿ ಒತ್ತರಿಸಿಕೊಂಡು ಹೋಗಬೇಕಿತ್ತು. 2021ರ ಜನವರಿಯಲ್ಲಿ ಇಟಗಟ್ಟಿ ಹತ್ತಿರ ದಾವಣಗೆರೆಯ ಗೆಳತಿಯರ ಗಾಡಿಗಾದ ಅಪಘಾತ ಈ ಕಡೆ ಯಾರೂ ಮರೆತಿಲ್ಲ. ಅಗಲೀಕರಣ ಶುರುವಾದದ್ದು ಅದರ ನಂತರ. ಅಂಥ ರಸ್ತೆಯ ಅಂಚಿನಲ್ಲಿ ರಸ್ತೆಗೆ ಬೆನ್ನು ಕೊಟ್ಟು ಕೂತು ನಟ್ಟು ಬಿಚ್ಚುವುದು ಬೇಡ. ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಟೈರು ಹಾಳಾದರೂ ಹಾಳಾಗಲಿ ಅಂತ ನಿಧಾನವಾಗಿ ಅಗಲ ಜಾಗದ ತನಕ ಹೋಗಿ. ರಾಷ್ಟ್ರೀಯ ಹೆದ್ದಾರಿಯಲ್ಲಿ 1033ಕ್ಕೆ ಫೋನ್ ಮಾಡಬಹುದು. ಶಿಗ್ಗಾವಿ, ಬಂಕಾಪುರ, ಹಾವೇರಿ, ರಾಣೆಬೆನ್ನೂರು ಉದ್ದಕ್ಕೂ ಇದು ನಡೆಯುವ ಮಾತು. ವಿಮೆಯ ಜೊತೆ ಬರುವ ರಸ್ತೆಬದಿ ಸಹಾಯವೂ ಅಲ್ಲಿ ಬಂದೀತು. ಡೋಣಿ, ಡಂಬಳದ ಕಡೆ ಕಪ್ಪತಗುಡ್ಡದ ಮಗ್ಗುಲಲ್ಲಿ ನಿಂತಾಗ ಅವರು "ಲೊಕೇಶನ್ ಶೇರ್ ಮಾಡಿ ಸರ್" ಅಂದರೆ, ಶೇರ್ ಮಾಡಲು ಮೊದಲು ಟವರ್ ಹುಡುಕಬೇಕು.

ಸ್ಕೂಟರಿನ ಉದಾಹರಣೆ ಕೊಟ್ಟು ಅಳಿಯ ನನ್ನ ಬಾಯಿ ಕಟ್ಟಲು ನೋಡಿದ. ನಮ್ಮಪ್ಪನ ಬಜಾಜ್ ಚೇತಕ್‌ಗೆ ಸ್ಟೆಪ್ನಿ ಇತ್ತು. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಅದೊಂದೇ ಆಗುತ್ತಿತ್ತು. ಜಾಲಿ ಮುಳ್ಳು ಚುಚ್ಚಿದರೆ ಅಪ್ಪ ಗಾಡಿಯನ್ನು ವಾಲಿಸಿ ಕಲ್ಲು ಕೊಟ್ಟು ಬದಲಿಸಿಬಿಡುತ್ತಿದ್ದರು. ಅದೇ ಹೆಸರಿನಲ್ಲಿ 2020ರಲ್ಲಿ ಬಂದ ವಿದ್ಯುತ್ ಸ್ಕೂಟರಿಗೆ ಸ್ಟೆಪ್ನಿ ಇಲ್ಲ, ಅದಕ್ಕೂ ಮೊದಲೇ ಬಂದ ಗೇರಿಲ್ಲದ ಸ್ಕೂಟರ್‌ಗಳಿಗೂ ಇರಲಿಲ್ಲ. ಯಾರಾದರೂ ಅತ್ತರೇ? ಎಂದ. ಅಳಲಿಲ್ಲ, ಯಾಕೆಂದರೆ ಸ್ಕೂಟರನ್ನು ತಳ್ಳಬಹುದು, ನಾಲ್ಕು ಜನ ಎತ್ತಿ ಟಂಟಂದಲ್ಲಿ ಹಾಕಬಹುದು. ವಿದ್ಯುತ್ ಕಾರನ್ನು ಹಾಗೆ ಮಾಡು ನೋಡೋಣ ಅಂದೆ. ಅದನ್ನು ಮೋಟಾರು ಇರುವ ಗಾಲಿ ನೆಲಕ್ಕೆ ತಾಗಿಸಿ ಹಗ್ಗ ಕಟ್ಟಿ ಎಳೆಯುವಂತಿಲ್ಲ, ಇಡೀ ಕಾರು ಹೊರುವ ಚಪ್ಪಟೆ ಲಾರಿಯೇ ಬರಬೇಕು. ಬ್ಯಾಟರಿಯ ಭಾರಕ್ಕೆ ಅದೇ ಗಾತ್ರದ ಪೆಟ್ರೋಲ್ ಕಾರಿಗಿಂತ ಹೆಚ್ಚು ತೂಗುತ್ತದೆ ಬೇರೆ, ತಗ್ಗಿಗೆ ಬಿದ್ದರೆ ಟೈರಿಗೆ ಪೆಟ್ಟೂ ಹೆಚ್ಚು. ಸ್ಟೆಪ್ನಿ ಎಲ್ಲಿ ಹೆಚ್ಚು ಬೇಕೋ ಅಲ್ಲಿಂದಲೇ ಮೊದಲು ಹೋಯಿತು.

ಕೊನೆಗೆ ಅಳಿಯ ಅದೇ ಕಾರು ಕೊಂಡ. ಹಟ ನನ್ನದು, ದುಡ್ಡು ಅವನದು: ಅದೇ ಹೊರಅಳತೆಯ ಟೈರು, ಅದೇ ನಟ್ಟುಗಳ ಅಂತರ ಮತ್ತು ನಡುವಿನ ತೂತಿನ ಉಕ್ಕಿನ ರಿಮ್ಮು, ಜ್ಯಾಕು, ಉದ್ದ ಹಿಡಿಕೆಯ ಪಾನಾ ಬೇರೆಯಾಗಿ ಕೊಂಡೆವು. ಇಡಲು ಕುಣಿ ಇಲ್ಲದ್ದರಿಂದ ಅದು ಡಿಕ್ಕಿಯಲ್ಲೇ ಮಲಗಬೇಕು. ಸುಮ್ಮನೆ ಇಡುವಂತಿಲ್ಲ, ಗಟ್ಟಿಯಾಗಿ ಬ್ರೇಕ್ ಹಾಕಿದರೆ ಅಷ್ಟು ಭಾರದ ಗಾಲಿ ಹಿಂದಿನ ಸೀಟಿಗೆ ಬಂದು ಬಡಿಯುತ್ತದೆ, ಆದ್ದರಿಂದ ನೆಲದ ಕೊಂಡಿಗಳಿಗೆ ಬೆಲ್ಟು ಬಿಗಿದೆವು. ರೋಣದಿಂದ ಜೋಳದ ಚೀಲ ತರುವಾಗ ಅಕ್ಕನಿಗೆ ಅದು ಅಡ್ಡ. "ನಿಮ್ಮ ಮಾಮಾನ ಗಾಲಿ ತಗದು ಮನ್ಯಾಗ ಇಡೋ" ಅಂದಳಂತೆ. ಈಗ ಒಂದು ರಾಜಿ ಆಗಿದೆ. ಅವಳಿನಗರದೊಳಗೆ ಓಡಾಡುವಾಗ ಗಾಲಿ ಮೆಟ್ಟಿಲ ಕೆಳಗೆ, ಊರು ದಾಟುವಾಗ ಡಿಕ್ಕಿಗೆ.

ಪೂರ್ತಿ ಗಾತ್ರದ ಗಾಲಿಯೇ ಬೇಕೆಂದು ನಾನು ಪಟ್ಟು ಹಿಡಿಯುವುದಿಲ್ಲ. ಸಪೂರ ಟೈರಿನ, ಮೇಲೆ 80 ಅಂತ ಚೀಟಿ ಅಂಟಿಸಿದ ತಾತ್ಕಾಲಿಕ ಗಾಲಿ ಇದ್ದರೂ ಸಾಕು. ಅದು ನರಗುಂದದಿಂದ ಹುಬ್ಬಳ್ಳಿಗೆ ಮುಟ್ಟಿಸುತ್ತದೆ, ನಮಗೆ ಬೇಕಾದದ್ದೂ ಅಷ್ಟೇ. ಸಿಎನ್‌ಜಿ ಕಾರುಗಳಲ್ಲಿ ಸಿಲಿಂಡರಿನ ಪಕ್ಕ ಗಾಲಿಯನ್ನು ನಿಲ್ಲಿಸಿಯಾದರೂ ಇಡುತ್ತಾರೆ, ಜಾಗ ಮಾಡಬೇಕೆಂದರೆ ಆಗುತ್ತದೆ. ಐದು ಟೈರಿನ ಬದಲು ನಾಲ್ಕು ಕೊಡುವ ಕಂಪನಿಯ ಬಿಲ್ಲಿನಲ್ಲಿ "ಸ್ಟೆಪ್ನಿ ಇಲ್ಲದ್ದಕ್ಕೆ ಇಷ್ಟು ಕಡಿತ" ಎಂಬ ಸಾಲು ನಾನಂತೂ ಕಂಡಿಲ್ಲ. ಆ ಕಡಿತವನ್ನೂ ಕೇಳುವುದಿಲ್ಲ. ಬಾಟಲಿ ಸಾಕೆನ್ನುವವರಿಗೆ ಬಾಟಲಿ ಕೊಡಲಿ, ಗಾಲಿ ಬೇಕೆನ್ನುವವರಿಂದ ದುಡ್ಡು ತೆಗೆದುಕೊಂಡು ಗಾಲಿ ಕೊಡಲಿ. ಆದರೆ ಡಿಕ್ಕಿಯ ತಳದ ಕುಣಿಯನ್ನು ಮಾತ್ರ ಮುಚ್ಚಬೇಡಿ. ಅದನ್ನೇ ಮುಚ್ಚಿದರೆ, ದುಡ್ಡು ಕೊಡುವವನೂ ಗಾಲಿಯನ್ನು ಜೋಳದ ಚೀಲದ ಜೊತೆ ಜಗಳಕ್ಕೆ ಹಚ್ಚಬೇಕಾಗುತ್ತದೆ.